ಸಸಿಗೆ ಎರಡೇ ಎಲೆ ಬಂದಿದೆ, ಈಗಲೇ ಗೊಬ್ಬರ ಹಾಕಬಹುದಾ?

ಪ್ರಶ್ನೆ: ಇದೇ ಮೊದಲ ಸಲ ಕುಂಡದಲ್ಲಿ ಬೀಜ ಹಾಕಿದ್ದೇನೆ. ಟೊಮೆಟೊ ಮತ್ತು ಚೆಂಡು ಹೂ. ಮೊಳಕೆ ಬಂದು ಹತ್ತು ದಿನ ಆಯ್ತು. ಎರಡೆರಡು ಎಲೆ ಬಿಟ್ಟಿವೆ, ಆಮೇಲೆ ಬೆಳವಣಿಗೆ ನಿಂತೇ ಹೋದ ಹಾಗೆ ಕಾಣ್ತಿದೆ. ಯಾವ ಗೊಬ್ಬರ ಹಾಕಲಿ? ಎಷ್ಟು ಹಾಕಲಿ?

ಉತ್ತರ: ಈಗ ಬೇಡ. ಇನ್ನೊಂದು ವಾರ, ಹತ್ತು ದಿನ ಬರೀ ನೀರು ಮತ್ತು ಒಳ್ಳೆಯ ಬೆಳಕು ಸಾಕು.

ನೀವು ನೋಡುತ್ತಿರುವ ಆ ಎರಡು ಎಲೆಗಳು ಬೀಜದಳಗಳು. ಮೊಳಕೆ ಒಡೆಯುವ ಮೊದಲೇ ಅವು ಬೀಜದೊಳಗೆ ಮಡಚಿಕೊಂಡು ಕೂತಿದ್ದವು. ಹತ್ತಿರದಿಂದ ನೋಡಿ: ಉದ್ದಕ್ಕೆ, ನುಣ್ಣಗೆ ಇರುತ್ತವೆ, ಟೊಮೆಟೊ ಎಲೆಗೆ ಇರುವ ಸೀಳುಗಳು ಇರುವುದಿಲ್ಲ. ತಾಯಿ ಗಿಡ ಮಗುವಿಗೆ ಕಟ್ಟಿಕೊಟ್ಟ ಬುತ್ತಿ ಬೀಜದಲ್ಲೇ ಇರುತ್ತದೆ. ಮೊದಲ ಕೆಲವು ದಿನ ಸಸಿ ಆ ಬುತ್ತಿಯಲ್ಲೇ ಬದುಕುತ್ತದೆ. ಮೇಲೆ ಏನೂ ನಡೆಯದ ಹಾಗೆ ಕಂಡರೂ ಕೆಳಗೆ ಬೇರು ಓಡುತ್ತಿರುತ್ತದೆ. ಆಮೇಲೆ ನಡುವಿನಿಂದ ಬೇರೆ ಆಕಾರದ ಎಲೆ ಬರುತ್ತದೆ. ಅದು ನಿಜವಾದ ಎಲೆ. ಅಂಥವು ಎರಡು ಮೂರು ಬಂದ ಮೇಲೆ ಗೊಬ್ಬರ ಶುರು ಮಾಡಿ. ಅಷ್ಟರಲ್ಲಿ ಬೀಜದಳ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಬುತ್ತಿ ಮುಗಿಯಿತು ಅಂತ ಅಷ್ಟೇ ಅರ್ಥ.

ಕುಂಡಕ್ಕೆ ಏನು ತುಂಬಿದ್ದೀರಿ ಅನ್ನುವುದನ್ನೂ ನೋಡಬೇಕು. ಮಣ್ಣಿಗೆ ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕೊಳೆತ ಕಾಂಪೋಸ್ಟ್ ಬೆರೆಸಿದ್ದರೆ ಮೂರು ನಾಲ್ಕು ವಾರಕ್ಕೆ ಆಗುವಷ್ಟು ಆಹಾರ ಅದರಲ್ಲೇ ಇರುತ್ತದೆ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ್ದರೆ ಅದರಲ್ಲಿ ಸಾರಜನಕ ಇಲ್ಲ ಅನ್ನುವಷ್ಟು ಕಡಿಮೆ. ಆಗ ಮೊದಲ ನಿಜವಾದ ಎಲೆ ಅರಳಿದ ಕೂಡಲೇ ತೆಳು ಗೊಬ್ಬರ ಬೇಕಾಗುತ್ತದೆ.

ಇಷ್ಟು ತಡ ಯಾಕೆ, ಒಂದು ಚಿಟಿಕೆ ಹಾಕಿದರೆ ಏನಾಗುತ್ತೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಗಿಡ ಬೆಳೆಸಲು ಶುರು ಮಾಡಿದ ವರ್ಷ ಒಂದು ಟ್ರೇ ಬದನೆ ಸಸಿಗಳಿಗೆ ಒಂದೊಂದು ಚಿಟಿಕೆ ಯೂರಿಯಾ ಉದುರಿಸಿದೆ. ಎರಡನೇ ದಿನ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿತು. ನಾಲ್ಕನೇ ದಿನ ಇಡೀ ಟ್ರೇ ಮಲಗಿತು. ಮಣ್ಣು ಒದ್ದೆಯಾಗಿಯೇ ಇತ್ತು, ಸಸಿಗಳು ಮಾತ್ರ ನೀರಿಲ್ಲದ ಹಾಗೆ ಬಾಡಿದ್ದವು. ಇವತ್ತಿಗೂ ಆ ಟ್ರೇ ನೆನಪಾದರೆ ಬೇಜಾರಾಗುತ್ತದೆ.

ಅಲ್ಲಿ ನಡೆದದ್ದು ಇದು. ರಾಸಾಯನಿಕ ಗೊಬ್ಬರಗಳಲ್ಲಿ ಹೆಚ್ಚಿನವು ಒಂದು ಬಗೆಯ ಉಪ್ಪುಗಳೇ. ಸೌತೆಕಾಯಿ ಹೋಳಿಗೆ ಉಪ್ಪು ಸವರಿದರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ ಅಲ್ವಾ? ಬೇರಿನ ಸುತ್ತ ಉಪ್ಪು ಜಾಸ್ತಿಯಾದರೂ ಹಾಗೇ. ಬೇರು ನೀರು ಎಳೆದುಕೊಳ್ಳುವ ಬದಲು ಬೇರಿನಲ್ಲಿದ್ದ ನೀರೇ ಹೊರಗೆ ಹೋಗುತ್ತದೆ. ಯೂರಿಯಾ ನೇರವಾಗಿ ಉಪ್ಪಲ್ಲ, ಆದರೆ ಮಣ್ಣಿನಲ್ಲಿ ಅದು ಅಮೋನಿಯಾ ಆಗುತ್ತದೆ. ಎಳೆ ಬೇರಿಗೆ ಅದು ವಿಷ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕ ಇದೆ, ಅಂದರೆ ಚಿಟಿಕೆ ಕೂಡ ಚಿಕ್ಕದಲ್ಲ. ಹೊಲದಲ್ಲಾದರೆ ಹೆಚ್ಚಾದದ್ದು ಸುತ್ತ ಹರಡಿಕೊಳ್ಳಲು ಜಾಗ ಇದೆ. ಒಂದು ಲೋಟ ಮಣ್ಣಿನ ಕುಂಡದಲ್ಲಿ ಅದು ಎಲ್ಲಿಗೆ ಹೋಗಬೇಕು? ಹಸಿದ ಸಸಿ ಆಹಾರ ಸಿಕ್ಕ ಒಂದು ವಾರಕ್ಕೆ ಚೇತರಿಸಿಕೊಳ್ಳುತ್ತದೆ. ಬೇರು ಸುಟ್ಟ ಸಸಿ ಬದುಕುವುದು ಕಷ್ಟ.

ಹಾಗಾಗಿ ಅಳತೆ ಬೇಕೇ ಬೇಕು. ಗೊಬ್ಬರದ ಪೊಟ್ಟಣದ ಮೇಲೆ ಮೂರು ಅಂಕಿ ಇರುತ್ತವೆ: 19-19-19 ಅಂತಲೋ, 20-20-20 ಅಂತಲೋ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಶ್. ಮೂರೂ ತೂಕದ ಶೇಕಡಾ ಲೆಕ್ಕ. 19-19-19ರ 1 ಗ್ರಾಂ ಪುಡಿಯನ್ನು 1 ಲೀಟರ್ ನೀರಿಗೆ ಹಾಕಿದರೆ ಆ ನೀರಿನಲ್ಲಿ 190 ಮಿಲಿಗ್ರಾಂ ಸಾರಜನಕ ಇರುತ್ತದೆ. ಬೆಳೆದ ಗಿಡಕ್ಕೆ ಅದು ಸರಿ. ಎಳೆ ಸಸಿಗೆ ಲೀಟರಿಗೆ 50 ಮಿಲಿಗ್ರಾಂ ಆಸುಪಾಸು ಸಾಕು. ಅಂದರೆ ಲೀಟರಿಗೆ ಕಾಲು ಗ್ರಾಂ ಪುಡಿ.

ಕಾಲು ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ? ನಾನು ಮಾಡುವುದು ಹೀಗೆ. ಅಡುಗೆಮನೆ ತಕ್ಕಡಿಯಲ್ಲಿ 10 ಗ್ರಾಂ ಪುಡಿ ತೂಗಿ 1 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸುತ್ತೇನೆ. ಇದು ಗಟ್ಟಿ ದ್ರಾವಣ, ನೇರವಾಗಿ ಗಿಡಕ್ಕೆ ಹಾಕಲೇಬಾರದು. ಇದರಲ್ಲಿ 25 ಮಿಲಿಲೀಟರ್ ತೆಗೆದು 1 ಲೀಟರ್ ನೀರಿಗೆ ಬೆರೆಸಿದರೆ ಸಸಿಗೆ ಬೇಕಾದ ಹದ ಸಿಗುತ್ತದೆ. ಔಷಧಿ ಬಾಟಲಿಯ ಮುಚ್ಚಳದ ಮೇಲೆ ಅಳತೆ ಗೆರೆ ಇರುತ್ತದೆ, ಅದನ್ನು ತೊಳೆದು ಇದಕ್ಕೇ ಅಂತ ಎತ್ತಿಟ್ಟುಕೊಳ್ಳಿ. ಗಟ್ಟಿ ದ್ರಾವಣದ ಬಾಟಲಿಗೆ ಹೆಸರು ಬರೆದು ಅಂಟಿಸಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ಮೊದಲು ಬರೀ ನೀರಿನಿಂದ ಮಣ್ಣು ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು ಗೊಬ್ಬರದ ನೀರು ಕೊಡಿ. ಕುಂಡದ ತಳದ ತೂತಿನಿಂದ ತುಸು ನೀರು ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಶುರುವಿನಲ್ಲಿ ವಾರಕ್ಕೆ ಒಂದು ಸಲ ಸಾಕು. ನಡುವೆ ಬರೀ ನೀರು. ಐದಾರು ನಿಜವಾದ ಎಲೆ ಬಂದ ಮೇಲೆ ಲೀಟರಿಗೆ ಅರ್ಧ ಗ್ರಾಂವರೆಗೆ ಏರಿಸಬಹುದು. ಚೆಂಡು ಹೂವಿಗೆ ಅಷ್ಟೂ ಬೇಕಾಗುವುದಿಲ್ಲ. ಸಾರಜನಕ ಜಾಸ್ತಿಯಾದರೆ ಸೊಪ್ಪು ಸೊಗಸಾಗಿ ಬೆಳೆಯುತ್ತದೆ, ಹೂ ಮಾತ್ರ ಕಡಿಮೆಯಾಗುತ್ತದೆ.

ಎಲೆ ಹಳದಿಯಾದ ಕೂಡಲೇ ಗೊಬ್ಬರಕ್ಕೆ ಕೈ ಹಾಕುವುದು ಹೊಸಬರು ಎಲ್ಲರೂ ಮಾಡುವ ಕೆಲಸ. ಅದಕ್ಕೂ ಮೊದಲು ಕುಂಡ ಎತ್ತಿ ನೋಡಿ. ಭಾರವಾಗಿದ್ದು, ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಇದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ. ಅಂಥ ಬೇರು ಆಹಾರ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ನೀರು ಕಡಿಮೆ ಮಾಡಬೇಕು. ಕುಂಡ ಸರಿಯಾಗಿದ್ದರೆ ಯಾವ ಎಲೆ ಹಳದಿಯಾಗಿದೆ ನೋಡಿ. ಸಾರಜನಕ ಕಡಿಮೆ ಬಿದ್ದಾಗ ಗಿಡ ಕೆಳಗಿನ ಹಳೆಯ ಎಲೆಯಿಂದ ಅದನ್ನು ಕಿತ್ತು ಮೇಲಿನ ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಬರುವುದಿಲ್ಲ. ಚಿಗುರೆಲೆಯೇ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ ಇರಬಹುದು. ಅದಕ್ಕೆ ಸಾರಜನಕ ಸುರಿದು ಪ್ರಯೋಜನ ಇಲ್ಲ.

ಸಸಿ ಉದ್ದಕ್ಕೆ, ಸಪೂರ ಬೆಳೆದು ಕಿಟಕಿಯ ಕಡೆ ಬಾಗಿದೆಯಾ? ಅದು ಬೆಳಕಿನ ಕೊರತೆ. ಆಗ ಗೊಬ್ಬರ ಹಾಕಿದರೆ ಇನ್ನೂ ಬಡಕಲಾಗಿ ಉದ್ದವಾಗುತ್ತದೆ. ಗಿಡದ ಬೆಳವಣಿಗೆ ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದರಿಂದಲೇ ತೀರ್ಮಾನವಾಗುತ್ತದೆ ಎಂದು ಪೋಷಕಾಂಶಗಳ ಬಗ್ಗೆ 19ನೇ ಶತಮಾನದಲ್ಲೇ ಜರ್ಮನಿಯ ಕೃಷಿ ವಿಜ್ಞಾನಿ ಕಾರ್ಲ್ ಸ್ಪ್ರೆಂಗೆಲ್ ಹೇಳಿದ್ದರು, ಅಲ್ಲಿಯದೇ ರಸಾಯನ ವಿಜ್ಞಾನಿ ಲೀಬಿಗ್ ಅದನ್ನು ಜನಪ್ರಿಯ ಮಾಡಿದರು. ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಸಸಿಗಳನ್ನು ಇಟ್ಟ ಮೇಲೆ ನನಗೆ ಆ ಮಾತು ಸರಿಯಾಗಿ ಅರ್ಥವಾಯಿತು.

ರಾಸಾಯನಿಕ ಬೇಡ ಅನ್ನುವವರು ಎರೆಹುಳು ಗೊಬ್ಬರವನ್ನು ಧೈರ್ಯವಾಗಿ ಬಳಸಿ. ಚಿಕ್ಕ ಕುಂಡಕ್ಕೆ ಒಂದೆರಡು ಚಮಚ ಮೇಲ್ಮಣ್ಣಿಗೆ ಬೆರೆಸಿದರೆ ನಿಧಾನವಾಗಿ ಇಳಿಯುತ್ತದೆ, ಬೇರು ಸುಡುವ ಭಯ ಬಹಳ ಕಡಿಮೆ. ಹಸಿ ಸಗಣಿ ಮಾತ್ರ ಬೇಡ, ಅದು ಕೊಳೆಯುವಾಗ ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ. ಬಾಳೆಸಿಪ್ಪೆ ನೆನೆಸಿದ ನೀರಿನಲ್ಲಿ ಸ್ವಲ್ಪ ಪೊಟ್ಯಾಶ್ ಬಿಟ್ಟರೆ ಹೆಚ್ಚೇನೂ ಇಲ್ಲ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಅವನ್ನೇ ನಂಬಿಕೊಂಡರೆ ಸಸಿ ಸುಮ್ನೆ ಹಸಿದುಕೊಂಡಿರುತ್ತದೆ.

ಈಗಾಗಲೇ ಗೊಬ್ಬರ ಜಾಸ್ತಿ ಹಾಕಿಬಿಟ್ಟಿದ್ದರೆ, ಎಲೆಯ ತುದಿ ಕಂದಾಗಿ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ, ಮೊದಲು ಆ ಪದರವನ್ನು ಮೆಲ್ಲಗೆ ಕೆರೆದು ತೆಗೆಯಿರಿ. ಆಮೇಲೆ ಕುಂಡದ ಮೂರು ನಾಲ್ಕು ಪಟ್ಟು ಬರೀ ನೀರನ್ನು ನಿಧಾನವಾಗಿ ಹಾಯಿಸಿ, ಪೂರ್ತಿ ಬಸಿದುಹೋಗಲು ಬಿಡಿ. ಉಪ್ಪು ನೀರಿನ ಜೊತೆ ಇಳಿದು ಹೋಗುತ್ತದೆ. ನೆರಳಿರುವ ಬೆಳಕಿನಲ್ಲಿಟ್ಟು ಹೊಸ ಎಲೆ ಕಾಣುವ ತನಕ ಗೊಬ್ಬರ ನಿಲ್ಲಿಸಿ.

ಸಸಿಗಳನ್ನು ದೊಡ್ಡ ಕುಂಡಕ್ಕೆ ಬದಲಾಯಿಸುವಾಗಲೂ ಹೀಗೇ. ಕೀಳುವಾಗ ಬೇರು ಸ್ವಲ್ಪವಾದರೂ ಹರಿದಿರುತ್ತದೆ, ಹೊಸ ಮಣ್ಣಿನಲ್ಲಿ ಕಾಂಪೋಸ್ಟ್ ಇರುತ್ತದೆ. ಎರಡು ವಾರ ಬರೀ ನೀರು ಕೊಡಿ. ನಿಮ್ಮ ಟೊಮೆಟೊ ಅಲ್ಲಿ ಒಂದು ಹೊಸ ಎಲೆ ಬಿಟ್ಟರೆ ಬೇರು ಹಿಡಿದಿದೆ ಅಂತ ತಿಳಿಯಿರಿ, ಆಗ ಮತ್ತೆ ಕಾಲು ಗ್ರಾಂನಿಂದ ಶುರು ಮಾಡಿ.