ಕೌಂಟರ್ ಇಲ್ಲದ ಔಷಧಿ ಅಂಗಡಿ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ವ್ಯವಸ್ಥೆಯಲ್ಲಿ ‘ಡಿಸ್ಟೆನ್ಸ್ ಸೆಲ್ಲಿಂಗ್ ಫಾರ್ಮಸಿ’ ಅಂತ ಒಂದು ಬಗೆಯ ಔಷಧಿ ಅಂಗಡಿ ಇದೆ. ಅಲ್ಲಿಗೆ ಹೋಗಿ ಚೀಟಿ ಕೊಟ್ಟು ಮಾತ್ರೆ ತರುವಂತಿಲ್ಲ. ಚೀಟಿ ಕಂಪ್ಯೂಟರಿಗೆ ಬರುತ್ತದೆ, ಔಷಧಿ ಕೊರಿಯರ್‌ನಲ್ಲಿ ಮನೆಗೆ ಹೋಗುತ್ತದೆ. ಅನುಕೂಲವೇನೋ ಸರಿ. ಆದರೆ ಫಾರ್ಮಸಿಸ್ಟ್‌ಗೆ ರೋಗಿಯ ಮುಖ ಕಾಣುವುದಿಲ್ಲ. ಅಂಗಡಿ ಬಿಟ್ಟ ಮೇಲೆ ಔಷಧಿ ಎಷ್ಟು ಬಿಸಿಲು ಕಂಡಿತು ಎನ್ನುವುದೂ ಕಾಣುವುದಿಲ್ಲ.

ಮೊದಲನೆಯದು ತೂಕ ಇಳಿಸುವ ಇಂಜೆಕ್ಷನ್‌ಗಳ ಕಾಲದಲ್ಲಿ ದೊಡ್ಡ ತಲೆನೋವಾಯಿತು. ಸಣಕಲು ಹುಡುಗಿಯೊಬ್ಬಳು ಎದುರಿಗೆ ನಿಂತು ಇಂಥದೇ ಇಂಜೆಕ್ಷನ್ ಆದ ಸೆಮಾಗ್ಲುಟೈಡ್ ಕೇಳಿದರೆ ಯಾರಾದರೂ ‘ನಿನಗೆ ಯಾಕಮ್ಮ ಇದು’ ಅನ್ನುತ್ತಾರೆ. ಆನ್‌ಲೈನ್ ಫಾರ್ಮ್ ಹಾಗೆ ಕೇಳುವುದಿಲ್ಲ. ತೂಕ 95 ಕೆಜಿ ಅಂತ ತುಂಬಿದರೆ ಮುಗಿಯಿತು. ಅದಕ್ಕೇ 2025ರ ಫೆಬ್ರುವರಿಯಲ್ಲಿ ಅಲ್ಲಿನ ಔಷಧಿ ಅಂಗಡಿಗಳ ಮೇಲ್ವಿಚಾರಣೆ ಮಾಡುವ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ತನ್ನ ಸೂಚನೆಗಳನ್ನು ಬಿಗಿ ಮಾಡಿತು. ಇಂಥ ಔಷಧಿಗೆ ಬರೀ ಪ್ರಶ್ನಾವಳಿ ಸಾಲದು. ವಿಡಿಯೋದಲ್ಲೋ, ಎದುರಿಗೋ, ರೋಗಿಯ ದಾಖಲೆ ನೋಡಿಯೋ ತೂಕ–ಎತ್ತರವನ್ನು ಬೇರೆಯಾಗಿ ಖಚಿತ ಮಾಡಿಕೊಳ್ಳಬೇಕು. ತಡವಾಗಿ ಬಂದ ನಿಯಮ, ಆದರೂ ಒಳ್ಳೆಯದೇ.

ಎರಡನೆಯ ಸಮಸ್ಯೆ ರಸಾಯನಶಾಸ್ತ್ರದ್ದು. ನನಗೆ ಅದೇ ಜಾಸ್ತಿ ಕುತೂಹಲದ್ದು.

ಔಷಧಿ ಹಾಳಾಗುವುದೂ ಒಂದು ರಾಸಾಯನಿಕ ಕ್ರಿಯೆಯೇ. ತೇವ ತಗುಲಿದ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಹಳೇ ಡಬ್ಬಿಯಿಂದ ವಿನೆಗರ್ ವಾಸನೆ ಬರುವುದು ಅದಕ್ಕೇ. ಶಾಖ ಏರಿದರೆ ಇಂಥ ಕ್ರಿಯೆಗಳ ವೇಗವೂ ಏರುತ್ತದೆ. ಮೋಟಾಗಿ ಹೇಳಿದರೆ, 10 ಡಿಗ್ರಿಗೆ ಎರಡು–ಮೂರು ಪಟ್ಟು. ಆದ್ದರಿಂದ ದಾರಿಯ ಸರಾಸರಿ ಉಷ್ಣತೆ ನೋಡಿ ಸಮಾಧಾನಪಟ್ಟರೆ ಮೋಸ ಹೋಗುತ್ತೇವೆ. ಪೆಟ್ಟಿಗೆ ಅರ್ಧ ದಿನ 20 ಡಿಗ್ರಿಯಲ್ಲಿ, ಅರ್ಧ ದಿನ 40 ಡಿಗ್ರಿಯಲ್ಲಿ ಇತ್ತು ಅಂದುಕೊಳ್ಳಿ. ಸರಾಸರಿ 30. ಆದರೆ ಔಷಧಿಗೆ ಆಗುವ ಹಾನಿ ಇಡೀ ದಿನ ಸುಮಾರು 34 ಡಿಗ್ರಿಯಲ್ಲಿ ಇಟ್ಟಷ್ಟು! ಬಿಸಿಯ ಗಂಟೆಗಳಿಗೆ ಹೀಗೆ ಜಾಸ್ತಿ ತೂಕ ಕೊಡುವ ಲೆಕ್ಕಕ್ಕೆ ‘ಮೀನ್ ಕೈನೆಟಿಕ್ ಟೆಂಪರೇಚರ್’ ಎಂದು ಹೆಸರು. 1971ರಲ್ಲಿ ಹೇನ್ಸ್ ಎಂಬವರು ಇದನ್ನು ಮುಂದಿಟ್ಟರು. ಪಾರ್ಸೆಲ್ ಒಳಗೆ ಇಡುವ ಪುಟ್ಟ ಡೇಟಾ ಲಾಗರ್ ಕೆಲವು ನಿಮಿಷಕ್ಕೊಮ್ಮೆ ಉಷ್ಣತೆ ಬರೆದಿಟ್ಟುಕೊಂಡರೆ ಈ ಲೆಕ್ಕ ಹಾಕಬಹುದು.

ಹಾಗಾದರೆ ಸುಮ್ನೆ ಐಸ್ ತುಂಬಿ ಕಳಿಸಿದರಾಯಿತು ಅಲ್ವಾ? ಇಲ್ಲ, ಅದು ಇನ್ನೂ ಅಪಾಯ. ಬಳಕೆಗೆ ಮುಂಚೆ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕೆಲವು ದಿನ ಮಾಮೂಲಿ ಕೋಣೆಯ ಬಿಸಿಯನ್ನು ಅದು ತಡೆದುಕೊಳ್ಳುತ್ತದೆ, ಹೆಪ್ಪುಗಟ್ಟುವುದನ್ನು ಮಾತ್ರ ತಡೆದುಕೊಳ್ಳುವುದಿಲ್ಲ. ಹಾಲಿನಂತೆ ಮಬ್ಬಾಗಿರುವ ಎನ್‌ಪಿಎಚ್ ಇನ್ಸುಲಿನ್‌ನಲ್ಲಿ ಸಣ್ಣ ಹರಳುಗಳಿರುತ್ತವೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆಮೇಲೆ ಸಿರಿಂಜ್‌ಗೆ ಪ್ರತಿ ಸಲ ಅದೇ ಪ್ರಮಾಣ ಬರುತ್ತದೆ ಎನ್ನುವ ಖಾತರಿ ಇಲ್ಲ. ಫ್ರೀಜರ್‌ನಿಂದ ಆಗತಾನೇ ತೆಗೆದ ಜೆಲ್ ಪ್ಯಾಕ್ ನೇರವಾಗಿ ಇನ್ಸುಲಿನ್ ಪೆನ್ನಿಗೆ, ಅಂದರೆ ಪೆನ್ನಿನಂಥ ಸಿರಿಂಜ್‌ಗೆ, ತಾಗಿದರೆ ಇಷ್ಟಕ್ಕೆ ಸಾಕು. ಹಾಗಾಗಿ ಜೆಲ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ನಡುವೆ ಅಡ್ಡ ಪದರ ಹಾಕಿ ಪ್ಯಾಕ್ ಮಾಡುತ್ತಾರೆ. ಬೇಸಿಗೆಗೂ ಚಳಿಗಾಲಕ್ಕೂ ಪ್ಯಾಕಿಂಗ್ ಬೇರೆ ಬೇರೆ. ಹೊಸ ಪೆಟ್ಟಿಗೆಯನ್ನು ಮೊದಲು ಬಿಸಿ–ಚಳಿಯ ಕೋಣೆಯಲ್ಲಿಟ್ಟು ಎಷ್ಟು ಗಂಟೆ ತಡೆಯುತ್ತದೆ ಅಂತ ಪರೀಕ್ಷಿಸುತ್ತಾರೆ.

ನಮ್ಮಲ್ಲಿ ಆನ್‌ಲೈನ್ ಔಷಧಿ ಮಾರಾಟಕ್ಕೆಂದೇ ಕರಡು ನಿಯಮ ಬಂದದ್ದು 2018ರ ಆಗಸ್ಟ್‌ನಲ್ಲಿ. ವರ್ಷಗಳು ಉರುಳಿದರೂ ಅದು ಕರಡಾಗಿಯೇ ಉಳಿಯಿತು. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ತಯಾರಕರು ಯಾರು, ಬ್ಯಾಚ್ ಯಾವುದು ಅಂತ ಅದು ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಡೆಲಿವರಿ ಹುಡುಗನ ಚೀಲದಲ್ಲಿ ಏನಾಯಿತು ಅಂತ ಹೇಳುವುದಿಲ್ಲ.

ಅದನ್ನು ಹೇಳುವ ತಂತ್ರಜ್ಞಾನ ಇಲ್ಲವೆಂದಲ್ಲ. ಪೋಲಿಯೊ ಹನಿಯ ಶೀಶೆಯ ಮೇಲೆ ಒಂದು ವೃತ್ತ, ಅದರೊಳಗೊಂದು ತಿಳಿ ಬಣ್ಣದ ಚೌಕ ಇರುವುದನ್ನು ಆಶಾ ಕಾರ್ಯಕರ್ತೆಯರು ಚೆನ್ನಾಗಿ ಬಲ್ಲರು. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಶೀಶೆ ಬಳಸುವಂತಿಲ್ಲ. ಇದು 1996ರಿಂದಲೇ ಬಳಕೆಯಲ್ಲಿದೆ. ಮನೆಗೆ ಬರುವ ಇನ್ಸುಲಿನ್ ಪೆನ್ನಿನ ಮೇಲೆ ಮಾತ್ರ ಇಂಥ ಚೌಕ ಕಾಣುವುದು ಅಪರೂಪ.