ಐಸ್ ಹಾಕಿ: ಹುಡುಗರಿಗೆ ಜೂನಿಯರ್ ಲೀಗ್, ಹುಡುಗಿಯರಿಗೆ ಕಾಲೇಜು

ಬೆಳಗಾವಿಯಲ್ಲಿ ಬಿ.ಪಿ.ಎಡ್ (ದೈಹಿಕ ಶಿಕ್ಷಣ) ಓದುವ ಗೆಳೆಯರಿಗೆ ಹಾಕಿ ಅಂದರೆ ಮೈದಾನದ ಹಾಕಿ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲ ಇದೇ ಊರಿನವರು. ಐಸ್ ಹಾಕಿ ನಮಗೆ ದೂರದ ಆಟ. ಆದರೆ ಒಂದು ಲೀಗ್ ಯಾಕೆ ಉಳಿಯುತ್ತದೆ, ಯಾಕೆ ಮುಚ್ಚುತ್ತದೆ ಅಂತ ಕಲಿಯಲು ಅದರ ಮಹಿಳಾ ಲೀಗ್‌ಗಳ ಕಥೆ ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲು ಹುಡುಗರ ದಾರಿ ನೋಡೋಣ. ಕೆನಡಾದಲ್ಲಿ ಮೇಜರ್ ಜೂನಿಯರ್ ಅಂದರೆ ಹೆಚ್ಚುಕಡಿಮೆ 16ರಿಂದ 20 ವರ್ಷದವರ ಆಟ. ಒಂಟಾರಿಯೊ, ಕ್ವಿಬೆಕ್, ಪಶ್ಚಿಮ ಭಾಗ ಹೀಗೆ ಮೂರು ಲೀಗ್‌ಗಳಿವೆ. ಜೂನಿಯರ್ ಪಟ್ಟಕ್ಕಾಗಿ ಆಡುವ ಮೆಮೋರಿಯಲ್ ಕಪ್ 1919ರಿಂದ ಇದೆ. ಟಿಕೆಟ್ ಮಾರಾಟ ಆಗುತ್ತದೆ, ಹುಡುಗರಿಗೆ ಸ್ವಲ್ಪ ಭತ್ಯೆಯೂ ಸಿಗುತ್ತದೆ. ಈ ಭತ್ಯೆಯ ಕಾರಣಕ್ಕೇ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಅವರನ್ನು ವೃತ್ತಿಪರರೆಂದು ಹೊರಗಿಟ್ಟಿತ್ತು. 2024ರ ನವೆಂಬರ್‌ನಲ್ಲಿ ನಿಯಮ ಬದಲಾಯಿತು, 2025ರ ಆಗಸ್ಟ್‌ನಿಂದ ಬಾಗಿಲು ತೆರೆಯಿತು.

ಹುಡುಗಿಯರಿಗೆ ಇಂಥ ದೊಡ್ಡ ಜೂನಿಯರ್ ವ್ಯವಸ್ಥೆ ಬೆಳೆಯಲಿಲ್ಲ. ಅವರಿಗೆ ಆಸರೆಯಾಗಿದ್ದು ಕಾಲೇಜು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಎಂದು ಅಮೆರಿಕ 1972ರಲ್ಲಿ ಕಾನೂನು ತಂದಿತು. ಟೈಟಲ್ ನೈನ್ ಎಂದರೆ ಇದೇ. ಇದರಿಂದ ವಿದ್ಯಾರ್ಥಿವೇತನ, ಕೋಚ್, ಅಭ್ಯಾಸಕ್ಕೆ ರಿಂಕ್ (ಐಸ್ ಅಂಗಳ) ಎಲ್ಲ ಸಿಕ್ಕಿತು. ಕೆನಡಾದ ಹುಡುಗಿಯರೂ ಅಲ್ಲಿಗೆ ಹೋದರು. ವಿಜಯಪುರ, ಬಾಗಲಕೋಟೆಯ ಸೈಕ್ಲಿಂಗ್ ಹಾಸ್ಟೆಲ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಊಟ, ಕೋಣೆ, ಕೋಚ್ ಇದ್ದ ಕಡೆ ಹುಡುಗಿಯರು ಆಟ ಬಿಡುವುದಿಲ್ಲ.

ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಒಟ್ಟಾವಾದಲ್ಲಿ ನಡೆಯಿತು. ಒಲಿಂಪಿಕ್ಸ್ ಪ್ರವೇಶ 1998ರ ನಗಾನೊದಲ್ಲಿ; ಚಿನ್ನ ಅಮೆರಿಕಕ್ಕೆ. 18 ವರ್ಷದೊಳಗಿನ ಹುಡುಗಿಯರ ವಿಶ್ವ ಟೂರ್ನಿ ಶುರುವಾಗಿದ್ದು 2008ರಲ್ಲಿ. ಹುಡುಗರ ಜೂನಿಯರ್ ವಿಶ್ವ ಟೂರ್ನಿ 1977ರಲ್ಲೇ ಅಧಿಕೃತವಾಗಿತ್ತು. ಈ ಮೂವತ್ತು ವರ್ಷಗಳ ಅಂತರ ನನಗೆ ಬೇಸರ ತರಿಸುತ್ತದೆ.

ಕಾಲೇಜು ಮುಗಿದ ಮೇಲೆ ಏನು? ನಿಜವಾದ ಕಷ್ಟ ಇಲ್ಲಿತ್ತು. 2007ರಲ್ಲಿ ಹುಟ್ಟಿದ ಕೆನಡಾದ ಮಹಿಳಾ ಲೀಗ್ ಸಿಡಬ್ಲ್ಯುಎಚ್‌ಎಲ್ 2017ರ ತನಕ ಆಟಗಾರ್ತಿಯರಿಗೆ ಹಣ ಕೊಡಲೇ ಇಲ್ಲ. 2015ರಲ್ಲಿ ಬಂದ ಅಮೆರಿಕದ ಮಹಿಳಾ ಲೀಗ್ ಸಂಬಳ ಕೊಟ್ಟಿತು, ಎರಡನೇ ಸೀಸನ್‌ನ ನಡುವೆಯೇ ಕಡಿತ ಮಾಡಿತು. 2019ರಲ್ಲಿ ಕೆನಡಾದ ಲೀಗ್ ಮುಚ್ಚಿತು. ಆಗ 200ಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ, ಬದುಕಲು ಆಗುವಂಥ ಸಂಬಳ ಮತ್ತು ಸೌಲಭ್ಯ ಇಲ್ಲದ ಲೀಗ್‌ನಲ್ಲಿ ಆಡುವುದಿಲ್ಲ ಎಂದರು. ಸುಮ್ನೆ ಹೇಳಿದ ಮಾತಲ್ಲ ಅದು. ತಮ್ಮ ಆಟದ ಒಳ್ಳೆಯ ವರ್ಷಗಳನ್ನೇ ಅವರು ಪಣಕ್ಕಿಟ್ಟರು.

ಫಲ ಸಿಕ್ಕಿದ್ದು 2024ರ ಜನವರಿ 1ರಂದು, ಹೊಸ ವೃತ್ತಿಪರ ಮಹಿಳಾ ಲೀಗ್ ಪಿಡಬ್ಲ್ಯುಎಚ್‌ಎಲ್ ಆರಂಭವಾದಾಗ. ಗಮನಿಸಿ, ಮೊದಲ ಪಂದ್ಯಕ್ಕೂ ಮುಂಚೆ ಆಟಗಾರ್ತಿಯರ ಯೂನಿಯನ್ ಜೊತೆ 2031ರವರೆಗಿನ ಒಪ್ಪಂದ ಆಗಿತ್ತು. ಮೊದಲ ಸೀಸನ್‌ನಲ್ಲಿ ಕನಿಷ್ಠ ಸಂಬಳ 35,000 ಡಾಲರ್ ಇತ್ತು. ಎಲ್ಲ ತಂಡಗಳಿಗೂ ಒಬ್ಬರೇ ಮಾಲೀಕರು, ಹಾಗಾಗಿ ಒಂದು ತಂಡ ದಿವಾಳಿಯಾಗಿ ಲೀಗ್ ಕುಸಿಯುವ ಭಯ ಕಡಿಮೆ. ಅದೇ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಬೆಲ್ ಸೆಂಟರ್ ಕ್ರೀಡಾಂಗಣಕ್ಕೆ ಒಂದೇ ಪಂದ್ಯ ನೋಡಲು 21,105 ಜನ ಬಂದರು. ಜನ ನೋಡುವುದಿಲ್ಲ ಎಂಬ ಹಳೆಯ ನೆಪ ಅಲ್ಲಿಗೆ ಮುಗಿಯಿತು, ಅಲ್ವಾ?

ಭಾರತದ ಮಹಿಳಾ ಐಸ್ ಹಾಕಿ ತಂಡ 2016ರಲ್ಲಿ ಶುರುವಾಯಿತು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ಮೇಲೆ 4-3ರ ಮೊದಲ ಗೆಲುವು, 2025ರ ಏಷ್ಯಾ ಕಪ್‌ನಲ್ಲಿ ಕಂಚು. ಹೆಚ್ಚಿನವರು ಲಡಾಖ್‌ನವರು. ಬೆಳಗಾವಿಯ ರೋಲರ್ ಸ್ಕೇಟಿಂಗ್ ಮಕ್ಕಳಿಗೆ ಹತ್ತಿರದ್ದು ಗಾಲಿ ಸ್ಕೇಟ್ ಮೇಲೆ ಆಡುವ ಇನ್‌ಲೈನ್ ಹಾಕಿ: ಗೋಲ್‌ಕೀಪರ್ ಬಿಟ್ಟು ನಾಲ್ವರು ಆಡುತ್ತಾರೆ, ಐಸ್‌ನಲ್ಲಿ ಐವರು. ಕೋಲು ಹಿಡಿಯುವುದು, ಪಾಸ್, ತಿರುವು ಎಲ್ಲ ಐಸ್ ಹಾಕಿಗೂ ಉಪಯೋಗಕ್ಕೆ ಬರುತ್ತವೆ. ನಿಲ್ಲುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು, ಐಸ್‌ನಲ್ಲಿ ಬ್ಲೇಡನ್ನು ಅಡ್ಡ ತಿರುಗಿಸಿ ಅಂಚಿನಿಂದ ಮಂಜು ಕೆರೆದು ನಿಲ್ಲುತ್ತಾರೆ.