ಟೈರು ಒಂದೇ ಕಡೆ ಸವೆದರೆ ವಾರಂಟಿ ಯಾರದು?

ನಮ್ಮಣ್ಣನ ಪಿಕಪ್ ಗಂಗಾವತಿಯ ಅಕ್ಕಿ ಗಿರಣಿಗಳಿಂದ ಬಳ್ಳಾರಿ, ರಾಯಚೂರುಗಳಿಗೆ ಚೀಲ ಸಾಗಿಸುತ್ತದೆ. ಕೊಂಡು ಎಂಟು ತಿಂಗಳಾಗಿ, 14,000 ಕಿಲೋಮೀಟರು ಓಡಿದ್ದಾಗ, ಪಂಚರ್ ಹಾಕಿಸಲು ಮುಂದಿನ ಎಡಗಾಲಿಯನ್ನು ಬಿಚ್ಚಬೇಕಾಯಿತು. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇದ್ದ ಟೈರಿನ ಒಳ ಅಂಚು ಬಹಳ ಸವೆದಿತ್ತು. ಚಾಲಕರು ‘ಬಟನ್’ ಎನ್ನುವ ಉಬ್ಬುಗಳ ನಡುವಿನ ಗೆರೆಗಳ ಆಳವನ್ನು ಅಳೆದಾಗ ಹೊರ ಅಂಚಿನಲ್ಲಿ 6 ಮಿಲಿಮೀಟರು ಬಂತು, ಒಳ ಅಂಚಿನಲ್ಲಿ 2 ಮಿಲಿಮೀಟರು. ಗಾಡಿ ಮಾರಿದ ಷೋರೂಮಿನವರು ‘ಟೈರಿಗೆ ನಮ್ಮ ವಾರಂಟಿ ಇಲ್ಲ, ಟೈರು ಕಂಪನಿಯವರನ್ನು ಕೇಳಿ’ ಎಂದರು. ಟೈರು ಕಂಪನಿಯ ಕಡೆಯವರು ಬಂದು ನೋಡಿ ‘ಇದು ಟೈರಿನ ದೋಷವಲ್ಲ, ಗಾಡಿಯ ದೋಷ’ ಎಂದು ಬರೆದುಕೊಟ್ಟು ಹೋದರು.

ಇಬ್ಬರೂ ಹೇಳಿದ್ದು ಸುಳ್ಳಲ್ಲ. ಆದರೆ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡವನು ಟೈರಿನ ಬೆಲೆಯನ್ನು ಕೈಯಿಂದ ತೆರಬೇಕಾಗುತ್ತದೆ. ಸವೆತದ ಕಾರಣ ಯಾವುದೆಂದು ಟೈರಿನ ಮೈಮೇಲೆಯೇ ಬರೆದಿರುತ್ತದೆ. ಅದನ್ನು ತಡಮಾಡದೆ ಓದಿ, ಕಾಗದದ ಮೇಲೆ ಇಳಿಸಿದವರಿಗೆ ಮಾತ್ರ ವಾರಂಟಿಯ ಮಾತಾಡಲು ಆಧಾರವಿರುತ್ತದೆ.

ಗಾಡಿ ನೆಲವನ್ನು ಮುಟ್ಟುವುದು ಟೈರಿನ ಬಹಳ ಸಣ್ಣ ಭಾಗದಿಂದ. ಒಂದು ಗಾಲಿಯ ಮೇಲೆ 700 ಕಿಲೋ ಭಾರವಿದ್ದು, ಒಳಗಿನ ಹವಾ 50 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 3.5 ಕಿಲೋ ಒತ್ತಡದಲ್ಲಿದ್ದರೆ, ಆ ಭಾರ ಹೊರಲು ಸುಮಾರು 200 ಚದರ ಸೆಂಟಿಮೀಟರು ಸಾಕು. ಬೆರಳು ಚಾಚಿದ ಅಂಗೈಗಿಂತ ಅದು ತುಸು ದೊಡ್ಡದು, ಅಷ್ಟೆ. ಗಂಧಕ ಬೆರೆಸಿ ಬೇಯಿಸಿ ಗಟ್ಟಿಗೊಳಿಸಿದ, ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಮಸಿ ಸೇರಿಸಿ ತಾಳಿಕೆ ಹೆಚ್ಚಿಸಿದ ರಬ್ಬರು ನೇರವಾಗಿ ಉರುಳುವಾಗ ಬಹಳ ನಿಧಾನವಾಗಿ ಸವೆಯುತ್ತದೆ. ಅದನ್ನು ಬೇಗ ತಿನ್ನುವುದು ಜಾರುವಿಕೆ, ಅದರಲ್ಲೂ ಅಡ್ಡ ಜಾರುವಿಕೆ.

ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಸಮಾನಾಂತರವಾಗಿರದೆ, ಮುಂಭಾಗದಲ್ಲಿ ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ‘ಟೋ’ ಎನ್ನುತ್ತಾರೆ. ಒಂದು ಗಾಲಿ ಬರೀ ಅರ್ಧ ಡಿಗ್ರಿ ಓರೆಯಾಗಿದ್ದರೂ, ಗಾಡಿ ನೇರ ಹೋಗುವ ಪ್ರತಿ ಕಿಲೋಮೀಟರಿಗೆ ಆ ಟೈರು ಸುಮಾರು 8.7 ಮೀಟರಿನಷ್ಟು ಅಡ್ಡ ಎಳೆತವನ್ನು ಅನುಭವಿಸುತ್ತದೆ. ಬಳ್ಳಾರಿಯಿಂದ ಹೊಸಪೇಟೆಗೆ ಇರುವ ಸುಮಾರು 60 ಕಿಲೋಮೀಟರಿನ ಹಾದಿಯಲ್ಲಿ ಇದು ಅರ್ಧ ಕಿಲೋಮೀಟರಿಗೂ ಮಿಕ್ಕುತ್ತದೆ. ಹೊರಟ ಗಾಡಿ ತಲುಪುವಷ್ಟರಲ್ಲಿ ಟೈರನ್ನು ಅಷ್ಟು ದೂರ ಅಡ್ಡಡ್ಡ ಉಜ್ಜಿದಂತಾಯಿತು.

ಟೋ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಅಂಗೈ ಬೇಗ ಹೇಳುತ್ತದೆ. ಗಾಡಿ ನಿಲ್ಲಿಸಿ, ತಣ್ಣಗಾದ ಟೈರಿನ ಮೇಲೆ ಅಂಗೈಯನ್ನು ಅಗಲಕ್ಕೆ ಒಮ್ಮೆ ಒಳಗಿನಿಂದ ಹೊರಕ್ಕೆ, ಮತ್ತೊಮ್ಮೆ ಹೊರಗಿನಿಂದ ಒಳಕ್ಕೆ ಸವರಬೇಕು. ಒಂದು ಕಡೆಗೆ ಸವರಿದಾಗ ನಯವಾಗಿದ್ದು, ಇನ್ನೊಂದು ಕಡೆಗೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೈರು ಅಡ್ಡ ಎಳೆದಾಡಿದೆ ಎಂದೇ ಅರ್ಥ. ತಂತಿ ಹೊರಬಿದ್ದ ಟೈರಿದ್ದರೆ ಕೈ ಹಾಕಬಾರದು. ಅಣ್ಣನ ಗಾಡಿಯಲ್ಲಿ ಅನುಮಾನ ಬಂದು ಬಲಗಾಲಿಯನ್ನೂ ಬಿಚ್ಚಿಸಿದೆವು. ಅದರ ಒಳ ಅಂಚೂ ಹಾಗೆಯೇ ಸವೆದಿತ್ತು. ಇದು ಮುಖ್ಯವಾದ ಸುಳಿವು. ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿ ಸವೆದಿದ್ದರೆ ಮೊದಲು ಟೋ ಕಡೆಗೆ ನೋಡಬೇಕು. ಒಂದೇ ಗಾಲಿ ಒಂದೇ ಅಂಚಿನಲ್ಲಿ ಹಲ್ಲಿಲ್ಲದೆ ನುಣ್ಣಗೆ ಸವೆದಿದ್ದರೆ ಆ ಗಾಲಿ ಮೇಲ್ಭಾಗದಲ್ಲಿ ಒಳಕ್ಕೋ ಹೊರಕ್ಕೋ ವಾಲಿದೆ, ಅಂದರೆ ಕ್ಯಾಂಬರ್ ತಪ್ಪಿದೆ ಅಥವಾ ಗುಂಡಿಗೆ ಬಿದ್ದು ಯಾವುದೋ ಭಾಗ ಬಾಗಿದೆ ಎಂದು ಹುಡುಕಬೇಕು.

ಹವಾದ ತಪ್ಪು ಬೇರೆಯೇ ಗುರುತು ಬಿಡುತ್ತದೆ. ಕಡಿಮೆಯಿದ್ದರೆ ಎರಡೂ ಅಂಚುಗಳು ಸವೆದು ನಡುಭಾಗ ಉಳಿಯುತ್ತದೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ನಮ್ಮ ಜಿಲ್ಲೆಗಳ ಬೇಸಿಗೆಯಲ್ಲಿ ಆಗುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಬೆಳಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಟೈರು, ರಾಯಚೂರಿನ ಮೇ ತಿಂಗಳ ಡಾಂಬರಿನ ಮೇಲೆ ಭಾರ ಹೊತ್ತು ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಏರಿದಾಗ, 57 ದಾಟಿ ತೋರಿಸುತ್ತದೆ. ಇದು ಗಾಳಿಯ ಸಹಜ ಗುಣವಾಗಿದ್ದು, ಟೈರು ತಯಾರಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಣ್ಣನೆಯ ಟೈರಿನ ಒತ್ತಡವನ್ನು ಸೂಚಿಸಿರುತ್ತಾರೆ. ‘ಬಿಸಿಲಿಗೆ ಒಡೆದೀತು’ ಎಂದು ಮಧ್ಯಾಹ್ನ ಹವಾ ಬಿಟ್ಟು ಮತ್ತೆ 50ಕ್ಕೆ ತಂದವರ ಟೈರು ರಾತ್ರಿ ತಣ್ಣಗಾದಾಗ 43ಕ್ಕೆ ಇಳಿದಿರುತ್ತದೆ. ಮರುದಿನ ಅದೇ ಟೈರು ಭಾರದಡಿ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಅಂಚುಗಳನ್ನು ಕಳೆದುಕೊಳ್ಳುತ್ತದೆ. ಒಡೆಯುವ ಭಯದಿಂದ ಮಾಡಿದ ಕೆಲಸ ಒಡೆಯುವ ಸಂಭವವನ್ನೇ ಹೆಚ್ಚಿಸುತ್ತದೆ. ಹವಾ ನೋಡಬೇಕಾದದ್ದು ಬೆಳಗ್ಗೆ, ಗಾಡಿ ಹೊರಡುವ ಮೊದಲು.

ಎರೆ ಹೊಲದ ದಾರಿಯಲ್ಲಿ ಓಡುವ ಗಾಡಿಗಳಿಗೆ ಇನ್ನೊಂದು ಕಾಟವಿದೆ. ಮಳೆಗಾಲದಲ್ಲಿ ರಿಮ್ಮಿನ ಒಳಬದಿಗೆ ಮೆತ್ತಿಕೊಂಡ ಎರೆ ಮಣ್ಣು ಒಣಗಿ ಕಲ್ಲಿನಂತಾದರೆ ಗಾಲಿಯ ಸಮತೂಕ ತಪ್ಪುತ್ತದೆ. ವೇಗದಲ್ಲಿ ಗಾಲಿ ನಡುಗಿ, ಟೈರಿನ ಸುತ್ತ ಅಲ್ಲಲ್ಲಿ ತಗ್ಗುಗಳು ಮೂಡುತ್ತವೆ. ಷಾಕ್ ಅಬ್ಸಾರ್ಬರ್ ದಣಿದಿದ್ದರೂ ಇಂಥವೇ ತಗ್ಗುಗಳು ಬೀಳುವುದರಿಂದ, ಅದನ್ನು ಬದಲಿಸುವ ಮೊದಲು ಗಾಲಿಯ ಒಳಬದಿಯನ್ನು ತೊಳೆಸಿ ನೋಡುವುದು ಒಳ್ಳೆಯದು. ಹಿಂದಿನ ಕಮಾನು ಪಟ್ಟಿಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾದರೆ ಇಡೀ ಹಿಂದಿನ ಆಕ್ಸೆಲ್ ತುಸು ಓರೆಯಾಗಿ, ಗಾಡಿ ಮೈ ಅಡ್ಡ ಹಾಕಿಕೊಂಡು ಓಡುತ್ತದೆ. ಆಗ ಮುಂದಿನ ಗಾಲಿಗಳನ್ನಷ್ಟೇ ಎಷ್ಟು ಸಲ ಸರಿಪಡಿಸಿದರೂ ಸವೆತ ನಿಲ್ಲುವುದಿಲ್ಲ.

ಇನ್ನು ವಾರಂಟಿ. ಗಾಡಿಯ ವಾರಂಟಿ ಪುಸ್ತಕವನ್ನು ತೆರೆದರೆ ಟೈರು, ಬ್ಯಾಟರಿಗಳು ಸಾಮಾನ್ಯವಾಗಿ ಅದರ ಹೊರಗಿರುತ್ತವೆ, ಅವುಗಳ ಹೊಣೆ ಅವುಗಳನ್ನು ತಯಾರಿಸಿದವರದು. ಟೈರು ತಯಾರಕರ ವಾರಂಟಿ ಪದರ ಬಿಡುವುದು, ಪೆಟ್ಟು ಬೀಳದೆಯೂ ಪಕ್ಕದಲ್ಲಿ ಗಂಟು ಏಳುವುದು ಮುಂತಾದ ತಯಾರಿಕೆಯ ದೋಷಗಳಿಗೆ ಮಾತ್ರ ಸಾಮಾನ್ಯವಾಗಿ ಅನ್ವಯಿಸುತ್ತದೆ. ಅದನ್ನು ಒಪ್ಪಿದಾಗಲೂ, ಎಷ್ಟು ಬಟನ್ ಸವೆದಿದೆಯೋ ಅಷ್ಟರ ಬೆಲೆಯನ್ನು ನಮ್ಮಿಂದ ಪಡೆದೇ ಹೊಸ ಟೈರು ಕೊಡುವುದು ರೂಢಿ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿಯಿತೆಂದರೆ ವಾರಂಟಿಯಷ್ಟೇ ಅಲ್ಲ, ಆ ಟೈರು ರಸ್ತೆಗಿಳಿಯುವ ಅರ್ಹತೆಯನ್ನೂ ಕಳೆದುಕೊಳ್ಳುತ್ತದೆ. ಆದರೆ ಓರೆ ಸವೆತಕ್ಕೆ ಕಾರಣವಾದ, ಗಾಲಿಯನ್ನು ಸ್ಟೇರಿಂಗಿಗೂ ಗಾಡಿಯ ಮೈಗೂ ಜೋಡಿಸುವ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಬುಷ್‌ಗಳು ಗಾಡಿಯ ಭಾಗಗಳು. ಗುಂಡಿಗೆ ಬಿದ್ದ ಪೆಟ್ಟಿನಿಂದಲ್ಲದೆ, ಮಿತಿಮೀರಿದ ಭಾರದಿಂದಲ್ಲದೆ, ಅವಧಿಯೊಳಗೆ ಅವು ತಾವಾಗಿ ಸಡಿಲಗೊಂಡಿದ್ದರೆ ಗಾಡಿಯ ವಾರಂಟಿಯಲ್ಲಿ ಕೇಳಲು ಅವಕಾಶವಿದೆ. ಆದ್ದರಿಂದ ಷೋರೂಮಿನಲ್ಲಿ ‘ಟೈರು ಸವೆದಿದೆ’ ಎನ್ನುವುದಕ್ಕಿಂತ ‘ಟೈರು ಸವೆಯಲು ಕಾರಣವಾದ ಭಾಗವನ್ನು ಪರೀಕ್ಷಿಸಿ’ ಎಂದು ಜಾಬ್ ಕಾರ್ಡಿನಲ್ಲಿ, ಅಂದರೆ ಮಾಡಬೇಕಾದ ಕೆಲಸವನ್ನು ಅವರು ಗುರುತು ಹಾಕಿಕೊಳ್ಳುವ ಹಾಳೆಯಲ್ಲಿ, ಬರೆಸುವುದೇ ಸರಿಯಾದ ದಾರಿ.

ನಾವು ಹಾಗೆ ಬರೆಸಿದ ಮೇಲೆ ಗಾಡಿಯನ್ನು ಎತ್ತಿ ಗಾಲಿಯನ್ನು ಅಲುಗಿಸಿ ನೋಡಿದರು. ಟೈ ರಾಡ್ ಎಂಡ್ ಸಡಿಲವಾಗಿತ್ತು. ಹಿಂದಿನ ಗಾಲಿಗಳು ತಳ್ಳುವ ಗಾಡಿಯಲ್ಲಿ, ಇಂಥ ಸಡಿಲಿದ್ದರೆ ನೆಲದ ತಡೆಗೆ ಮುಂದಿನ ಗಾಲಿಗಳು ಹೊರಕ್ಕೆ ತೆರೆದುಕೊಳ್ಳುತ್ತವೆ, ಒಳ ಅಂಚು ಸವೆಯುತ್ತದೆ. ಆ ಭಾಗವನ್ನು ವಾರಂಟಿಯಲ್ಲಿ ಬದಲಿಸಿಕೊಟ್ಟರು. ಟೈರಿನ ಹಣ ಮಾತ್ರ ಸಿಗಲಿಲ್ಲ, ಏಕೆಂದರೆ ಮೊದಲ ಸರ್ವಿಸ್ಸುಗಳ ಜಾಬ್ ಕಾರ್ಡುಗಳಲ್ಲಿ ಟೈರಿನ ಅಳತೆಯೇ ಇರಲಿಲ್ಲ. ಸವೆತ ಎಂದು ಶುರುವಾಯಿತೆಂದು ತೋರಿಸಲು ನಮ್ಮ ಬಳಿ ಏನೂ ಉಳಿದಿರಲಿಲ್ಲ. 5,000 ಕಿಲೋಮೀಟರಿಗೇ ನಾವು ಒಳ ಅಂಚನ್ನು ನೋಡಬೇಕಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ.

ಬಾಡಿಗೆಗೆ ಓಡುವ ಗಾಡಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿರುವುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು, ತಾನೇ ಬಳಸುವ ವಸ್ತುವನ್ನು ಅದು ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ. ಹೊಟ್ಟೆಪಾಡಿಗೆ ತನ್ನದೇ ಒಂದು ಪಿಕಪ್ ಓಡಿಸುವವನು ಹೀಗೆ ಗ್ರಾಹಕನೇ. ಗಾಡಿ ಎಲ್ಲಿ ಕೊಂಡಿದ್ದರೂ ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಆಯೋಗಕ್ಕೆ ಅಧಿಕಾರವಿದೆ. ಆ ಕಾರಣಕ್ಕೇ, ತಕರಾರು ಮುಗಿಯುವವರೆಗೆ ಹಳೆಯ ಟೈರನ್ನು ಗುಜರಿಗೆ ಹಾಕಬಾರದು.

ಅಣ್ಣ ಈಗ ಹೊಸ ಟೈರುಗಳ ಒಳ ಅಂಚು, ನಡು, ಹೊರ ಅಂಚು ಮೂರನ್ನೂ ತಿಂಗಳಿಗೊಮ್ಮೆ ಅಳೆದು, ಕಿಲೋಮೀಟರಿನ ಜೊತೆಗೆ ಡೀಸೆಲ್ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾನೆ. ಮೊನ್ನೆ ನೋಡಿದಾಗ ಎಡಗಾಲಿಯಲ್ಲಿ ಮೂರು ಕಡೆಯೂ 7 ಇತ್ತು, ಬಲಗಾಲಿಯ ಒಳ ಅಂಚಿನಲ್ಲಿ ಮಾತ್ರ ಆರೂವರೆ. ಮರುದಿನವೇ ಗಾಲಿಗಳ ಓರೆ ಸರಿಪಡಿಸಲು ಗಾಡಿಯನ್ನು ಅಲೈನ್‌ಮೆಂಟಿಗೆ ಒಯ್ದ.